ಉತಾರಕ್ಕೊಂದು ಟ್ರ್ಯಾಕ್ಟರ್

ಶಿರೂರಿನ ಸೀಮೆಯಲ್ಲಿ ನನ್ನದೊಂದು ಎರಿ ಹೊಲವಿದೆ. ಎರಡು ಎಕರೆ ಇಪ್ಪತ್ತು ಗುಂಟೆ. ಅಪ್ಪನಿಂದ ಬಂದದ್ದು. ಅದರಲ್ಲಿ ನಾನು ಸ್ವತಃ ಬೆಳೆದ ಬೆಳೆ ಎಂದರೆ ಅಭಿಮಾನ ಒಂದೇ. ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ತಿಂಗಳಿಗೊಮ್ಮೆ ಪಿಂಚಣಿ ತಪ್ಪದೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದು, ಬದುವಿನ ಮೇಲೆ ಟವೆಲ್ ಹೊದ್ದು ನಿಂತು ಫೋಟೊ ತೆಗೆಸಿಕೊಂಡು ಬಂದರೆ ಆ ವರ್ಷದ ನನ್ನ ಬೇಸಾಯ ಮುಗಿಯಿತು. ಉಳಿದ ಮುನ್ನೂರ ಅರವತ್ತನಾಲ್ಕು ದಿನದ ಕೆಲಸವನ್ನು ನನ್ನ ಅಳಿಯ ಮಾಡುತ್ತಾನೆ. ಮಗಳ ಗಂಡ ಅಲ್ಲ, ವಾವೆಯಲ್ಲಿ ಅಳಿಯ. ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಾನೆ. ಅವನ ಹತ್ತಿರ ಒಂದು ಜೋಡಿ ಎತ್ತು, ಒಂದು ಕೂರಿಗೆ, ಎರಡು ಕುಂಟಿ ಇವೆ. ನನ್ನ ಹತ್ತಿರ ಉತಾರ ಇದೆ.

ಹೀಗೆ ಸುಖವಾಗಿದ್ದವನಿಗೆ 2025ರ ಸೆಪ್ಟೆಂಬರ್ ತಿಂಗಳು ಶನಿಯಾಗಿ ಬಂತು. ಆ ತಿಂಗಳ ನಡುವಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋಗುವ ಭೂಮಿಗೆ ಪರಿಹಾರ ಎಷ್ಟೆಂದು ರಾಜ್ಯ ಸಚಿವ ಸಂಪುಟ ಗೊತ್ತು ಮಾಡಿತು: ಒಣಬೇಸಾಯದ ಎಕರೆಗೆ 30 ಲಕ್ಷ, ನೀರಾವರಿಗೆ 40 ಲಕ್ಷ. ನನ್ನ ಹೊಲಕ್ಕೂ ಆ ಹಿನ್ನೀರಿಗೂ ಸಂಬಂಧವಿಲ್ಲ. ಆದರೆ ಪಕ್ಕದ ಮನೆಯಲ್ಲಿ ಹೋಳಿಗೆ ಮಾಡಿದರೆ ನಮ್ಮ ಬಾಯಲ್ಲಿ ನೀರು ಬರುವುದು ಪ್ರಕೃತಿ ನಿಯಮ. ಜಿಲ್ಲೆಯಲ್ಲಿ ಉತಾರ ಇದ್ದವರೆಲ್ಲ ಒಂದೇ ವಾರದಲ್ಲಿ ಎದೆ ಸೆಟೆಸಿ ನಡೆಯತೊಡಗಿದರು. ಅದೇ ತಿಂಗಳ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ನವನಗರದಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ನಮ್ಮ ನಿವೃತ್ತರ ಗುಂಪು ಸಕ್ಕರೆ ಕಾಯಿಲೆಯ ಮಾತು ಬಿಟ್ಟು ಹಾರ್ಸ್ ಪವರ್ ಮಾತು ಹಿಡಿಯಿತು.

ನಾಲ್ಕು ಲಕ್ಷದ ಟ್ರ್ಯಾಕ್ಟರ್ ಮೇಲೆ ಏಳು ಪರ್ಸೆಂಟ್ ಎಂದರೆ ಇಪ್ಪತ್ತೆಂಟು ಸಾವಿರ ಉಳಿತಾಯ. ಆ ಇಪ್ಪತ್ತೆಂಟು ಸಾವಿರ ಉಳಿಸಲು ನಾನು ಆರು ಲಕ್ಷ ಖರ್ಚು ಮಾಡಿದ ಕಥೆ ಇದು.

ಷೋರೂಮಿಗೆ ಕಾಲಿಟ್ಟಾಗ ಅಲ್ಲಿನ ಹುಡುಗ ನನ್ನ ಕನ್ನಡಕ, ಇಸ್ತ್ರಿ ಅಂಗಿ, ಕಾಲಲ್ಲಿನ ಬೂಟು ಮೂರನ್ನೂ ನೋಡಿ, ಐವತ್ತು ಎಚ್‌ಪಿಯ ದೊಡ್ಡ ಗಾಡಿಗಳನ್ನು ದಾಟಿಸಿ ಸೀದಾ ಮೂಲೆಗೆ ಕರೆದೊಯ್ದ. ಅಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ನಿಂತಿತ್ತು. ದೊಡ್ಡ ಟ್ರ್ಯಾಕ್ಟರ್ ಕರು ಹಾಕಿದ್ದರೆ ಹೀಗೇ ಇರುತ್ತಿತ್ತು.

"ನಿಮ್ಮಂಥೋರಿಗೇ ಮಾಡಿದ್ದು ನೋಡ್ರಿ ಸರ. ಕಾಂಪ್ಯಾಕ್ಟ್. ಮನಿ ಮುಂದ ನಿಲ್ಲಸಾಕೂ ಛಲೋ ಕಾಣ್ತೈತಿ."

"ಹೊಲದಾಗ?" ಎಂದೆ.

"ಹೊಲದಾಗೂ ನಡೀತೈತ್ರಿ," ಎಂದ.

ಎಂಜಿನ್ 22 ಎಚ್‌ಪಿ, ಪಿಟಿಒ 19 ಎಚ್‌ಪಿ ಎಂದು ಹೇಳಿದ. ಪಿಟಿಒ ಎಂದರೆ ಹಿಂದೆ ತಿರುಗುವ ಆ ಗೂಟ. ಮಣ್ಣು ಪುಡಿ ಮಾಡುವ ರೂಟರ್, ಔಷಧ ಹೊಡೆಯುವ ಪಂಪು ಎಲ್ಲವೂ ಅದರ ಶಕ್ತಿಯಿಂದಲೇ ತಿರುಗಬೇಕು. ಮುಂದೆ ಹುಟ್ಟಿದ ಇಪ್ಪತ್ತೆರಡು ಕುದುರೆಗಳಲ್ಲಿ ಹಿಂದೆ ತಲುಪುವುದು ಹತ್ತೊಂಬತ್ತು. "ಉಳಿದ ಮೂರು ಎಲ್ಲಿ ಹೋದವೋ?" ಎಂದು ಕೇಳಿದೆ. "ಗೇರ್ ಬಾಕ್ಸಿನಾಗ ಮೇಯಾಕ ಹೋಗಿರ್ತಾವ್ರಿ," ಎಂದ. ಸರ್ಕಾರದ ಹಣದ ಬಗ್ಗೆ ಇಷ್ಟು ಸ್ಪಷ್ಟ ವಿವರಣೆಯನ್ನು ನನಗೆ ಯಾವ ಅರ್ಥಶಾಸ್ತ್ರಜ್ಞನೂ ಕೊಟ್ಟಿರಲಿಲ್ಲ.

ಸಣ್ಣ ಟ್ರ್ಯಾಕ್ಟರ್‌ಗಳ ಹೆಸರುಗಳನ್ನು ಒಮ್ಮೆ ಓದಿಕೊಳ್ಳಿ: ಯುವರಾಜ, ಶಕ್ತಿ, ಓಜಾ, ಕ್ಯಾಪ್ಟನ್, ಬಾಗಬಾನ್. ಸಾಲಗಾರ ಎಂಬ ಹೆಸರಿನದು ಒಂದೂ ಇಲ್ಲ. ಸಣ್ಣದು ಎನ್ನುವ ಮಾತಿಗೂ ಒಂದು ಇತಿಹಾಸವಿದೆ. 1971ರಲ್ಲಿ ಎಚ್‌ಎಂಟಿ ಕಂಪನಿ ಜೆಕೊಸ್ಲೊವಾಕಿಯಾದ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರುಮಾಡಿದ್ದು 25 ಎಚ್‌ಪಿಯ ಜೆಟರ್ 2511ರಿಂದ. ಅಂಥದೊಂದು ಊರಿಗೆ ಬಂದರೆ ಮಕ್ಕಳು ಸಾಲಿ ಬಿಟ್ಟು ಹಿಂದೆ ಓಡುತ್ತಿದ್ದ ಕಾಲ. ಆಗ 25 ಎಚ್‌ಪಿ ಎಂದರೆ ಟ್ರ್ಯಾಕ್ಟರ್. ಈಗ ಅಷ್ಟೇ ಎಚ್‌ಪಿ ಮಿನಿ. ಎಂಜಿನ್ ಕುಗ್ಗಿಲ್ಲ. ಹೊಲ ಕುಗ್ಗಿದೆ, ಪ್ರತಿಷ್ಠೆ ಹಿಗ್ಗಿದೆ. 2015-16ರ ಕೃಷಿ ಗಣತಿಯ ಹೊತ್ತಿಗೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರಿಗೆ ಬಂದು ನಿಂತಿತ್ತು. ಅಂದರೆ ಮೂರೂವರೆ ಎಕರೆಗೂ ಕಡಿಮೆ. ಇತ್ತ ದೇಶದಲ್ಲಿ 2022-23ರ ಒಂದೇ ವರ್ಷ ಮಾರಾಟವಾದ ಟ್ರ್ಯಾಕ್ಟರ್ ಒಂಬತ್ತು ಲಕ್ಷಕ್ಕೂ ಹೆಚ್ಚು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಬದು ಹಂಚಿಕೊಳ್ಳುತ್ತಾರೆ, ಬೇವಿನ ಗಿಡದ ನೆರಳನ್ನೂ ಹಂಚಿಕೊಳ್ಳುತ್ತಾರೆ. ಟ್ರ್ಯಾಕ್ಟರ್ ಮಾತ್ರ ತಲೆಗೊಂದು ಬೇಕು.

ಇನ್ನು ಸಬ್ಸಿಡಿ. ತೋಟಗಾರಿಕೆ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ 20 ಪಿಟಿಒ ಎಚ್‌ಪಿವರೆಗಿನ ಟ್ರ್ಯಾಕ್ಟರ್‌ಗೆ ಸಾಮಾನ್ಯ ರೈತರಿಗೆ ಶೇ. 25, ಎಪ್ಪತ್ತೈದು ಸಾವಿರದವರೆಗೆ. ಪರಿಶಿಷ್ಟರು, ಮಹಿಳೆಯರು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ. 35, ಒಂದು ಲಕ್ಷದವರೆಗೆ ಎಂದು ಬರೆದಿತ್ತು. ಇದನ್ನು ಷೋರೂಮಿನ ಹುಡುಗ ಮಂತ್ರದ ಹಾಗೆ ಹೇಳಿ, ನನ್ನ ಎರಡೂವರೆ ಎಕರೆ ಕೇಳಿದ ಕೂಡಲೇ ಕುರ್ಚಿಯಿಂದ ಎದ್ದು ಕೈ ಕುಲುಕಿದ. "ಸರ, ನೀವು ಸಣ್ಣ ರೈತರು!"

ಮೂವತ್ತನಾಲ್ಕು ವರ್ಷ ಪಗಾರ ತಗೊಂಡು, ಈಗ ಪಿಂಚಣಿ ತಗೊಳ್ಳುತ್ತ, ನವನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ ನಾನು ಸಣ್ಣ ರೈತ! ನಾಡಕಚೇರಿಗೆ ಅರ್ಜಿ ಕೊಟ್ಟೆ. ಸಣ್ಣ ಹಿಡುವಳಿದಾರನೆಂದು ಪ್ರಮಾಣಪತ್ರವೂ ಬಂತು. ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆ, ಎಫ್‌ಐಡಿ, ಮೊದಲೇ ಇತ್ತು. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೊ ಎಲ್ಲ ಜೋಡಿಸಿದೆ. ಹೊಲದ ಮಣ್ಣು ಕೈಗೆ ಹತ್ತಿದೆಯೇ ಎಂದು ಯಾವ ನಮೂನೆಯಲ್ಲೂ ಕೇಳಿರಲಿಲ್ಲ.

ಸರದಿಯಲ್ಲಿ ನಿಂತಾಗ ಅಳಿಯ ಜೊತೆಗಿದ್ದ. ಮೆಲ್ಲಗೆ ಕೇಳಿದ: "ಮಾವಾರ, ನನ್ನ ಹೆಸರಿಲೆ ಏನಾರ ಬರ್ತೈತೇನ್ರಿ? ರೂಟರ್ ಅಲ್ಲಾ, ಸಣ್ಣದೊಂದು ಔಷಧ ಹೊಡಿಯೋ ಪಂಪು?"

ಕಿಟಕಿಯ ಒಳಗಿನಿಂದ ಉತ್ತರ ಬಂತು: "ಉತಾರ ಐತೇನು?"

ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ದೊಡ್ಡ ಕೆಲಸ. ಆದರೆ ಅದಾದ ಮೇಲೆ, ಸೈನಿಕರು ನಾವಿಕರಂಥ ಕೆಲವರನ್ನು ಬಿಟ್ಟು, ಹೊಲವನ್ನು ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ. ಕಾನೂನಿನಲ್ಲಿ ಇಲ್ಲದ್ದು ಊರಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತದೆ. ಹಾಗಾಗಿ ನನ್ನ ಹೊಲದಲ್ಲಿ ಹದಿನೆಂಟು ವರ್ಷದಿಂದ ಬಿತ್ತಿ, ಹರಗಿ, ಎಡಿ ಹೊಡೆದು, ರಾಶಿ ಮಾಡುವ ಮನುಷ್ಯ ಯಾವ ಕಾಗದದಲ್ಲೂ ಹುಟ್ಟಿಲ್ಲ. 2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು. 79ಎ, 79ಬಿ ಕಲಮುಗಳನ್ನು ಕಿತ್ತು, ಬೇಸಾಯದ ಗಂಧ ಇಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಿತು. ಉಳುವವನೇ ಒಡೆಯ ಎಂದು ಶುರುವಾದ ಕಾನೂನು ಐವತ್ತು ವರ್ಷ ತುಂಬುವುದರೊಳಗೆ ಕೊಳ್ಳುವವನೇ ಒಡೆಯ ಎಂಬಲ್ಲಿಗೆ ಬಂದು ಕುಂತಿತು. ಬೆಂಗಳೂರಿನವರು ಶನಿವಾರ ರವಿವಾರ ರೈತರಾದರು. ಅವರಿಗೂ ಒಂದೊಂದು ಕಾಂಪ್ಯಾಕ್ಟ್ ಬೇಕು.

ಅಂತೂ ಒಂದು ಲಕ್ಷ ಮಂಜೂರಾಯಿತು. ಅಷ್ಟರಲ್ಲಿ ಒಂದು ಸೂಕ್ಷ್ಮ ತಿಳಿಯಿತು: ರೊಕ್ಕ ಎಣಿಸಿ ಒಯ್ಯುವವರಿಗೆ ಒಂದು ದರ, ಸಬ್ಸಿಡಿಯಲ್ಲಿ ಒಯ್ಯುವವರಿಗೆ ಇನ್ನೊಂದು ದರ. ಆ ಮೂರು ಕುದುರೆಗಳು ಗೇರ್ ಬಾಕ್ಸಿನಲ್ಲಷ್ಟೇ ಮೇಯುವುದಿಲ್ಲ. ಟ್ರ್ಯಾಕ್ಟರ್, ನಾಲ್ಕು ಅಡಿಯ ರೂಟರ್, ಐದು ಹಲ್ಲಿನ ನೇಗಿಲು, ಸಣ್ಣ ಡಬ್ಬಿ, ವಿಮೆ, ನೋಂದಣಿ ಎಲ್ಲ ಕೂಡಿಸಿ, ಸಬ್ಸಿಡಿ ಕಳೆದು, ಸಾಲದ ಬಡ್ಡಿ ಸೇರಿಸಿದಾಗ ಲೆಕ್ಕ ಆರು ಲಕ್ಷಕ್ಕೆ ಬಂದು ನಿಂತಿತು. ಆರು ತಿಂಗಳಿಗೊಂದು ಕಂತು. ಉತಾರದ ಮೇಲೆ ಬ್ಯಾಂಕಿನ ಬೋಜಾ ಏರಿತು. ಒಂಬತ್ತನೇ ಕಾಲಮ್ಮಿನಲ್ಲಿ ನಾನು, ಹನ್ನೊಂದನೇ ಕಾಲಮ್ಮಿನಲ್ಲಿ ಬ್ಯಾಂಕು. ಅಪ್ಪ ಐವತ್ತು ವರ್ಷ ಎತ್ತಿನ ಹಿಂದೆ ನಡೆದು ಖಾಲಿ ಇಟ್ಟಿದ್ದ ಕಾಲಂ ಅದು.

ಬಲಿಪಾಡ್ಯಮಿಯ ದಿನ ಗಾಡಿ ಮನೆಗೆ ಬಂತು. ಷೋರೂಮಿನವರು ರಟ್ಟಿನಲ್ಲಿ ಮಾಡಿದ ಮೂರಡಿ ಉದ್ದದ ಕೀಲಿಕೈ ಕೊಟ್ಟು ಫೋಟೊ ತೆಗೆದರು. ಅಸಲಿ ಕೀಲಿಕೈಯನ್ನು ಆ ಗದ್ದಲದಲ್ಲಿ ಯಾರೋ ಜೇಬಿಗೆ ಹಾಕಿಕೊಂಡಿದ್ದರಿಂದ ಅರ್ಧ ತಾಸು ಹುಡುಕಬೇಕಾಯಿತು. ಬನಶಂಕರಿಗೆ ಒಯ್ದು ಪೂಜೆ ಮಾಡಿಸಿ, ಗಾಲಿಗೊಂದು ನಿಂಬೆಹಣ್ಣು ಇಟ್ಟು ಹಾಯಿಸಿದೆವು. ಮನೆಯವಳು ಆರತಿ ಮಾಡುತ್ತ ಕೇಳಿದಳು: "ಇದನ್ನ ನಡಸೋರು ಯಾರ್ರಿ?" ಆ ಪ್ರಶ್ನೆ ಅಲ್ಲಿಯವರೆಗೆ ನನಗಾಗಲಿ, ಷೋರೂಮಿಗಾಗಲಿ, ಬ್ಯಾಂಕಿಗಾಗಲಿ, ಸರ್ಕಾರಕ್ಕಾಗಲಿ ಹೊಳೆದಿರಲಿಲ್ಲ.

ನಡೆಸಲು ಕೆಲಸವೂ ಇರಲಿಲ್ಲ. ದೀಪಾವಳಿ ಹೊತ್ತಿಗೆ ನಮ್ಮ ಕಡೆ ಹಿಂಗಾರಿ ಬಿಳಿಜೋಳ ಹುಟ್ಟಿ ಸಾಲು ಹಿಡಿದಿರುತ್ತದೆ. ಅಳಿಯ ಎತ್ತಿನಿಂದ ಎಡಿ ಹೊಡೆಯುತ್ತಿದ್ದ. ಹದಿನೆಂಟು ಇಂಚಿನ ಸಾಲಿನಲ್ಲಿ ನನ್ನ ಕಾಂಪ್ಯಾಕ್ಟ್ ಇಳಿದರೆ ಎಡಿಯೂ ಹೋಗುತ್ತದೆ, ಜೋಳವೂ ಹೋಗುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ನಿಂತು ಎತ್ತುಗಳು ದುಡಿಯುವುದನ್ನು ನೋಡಿತು. ನಾನೂ ಜೀವಮಾನವಿಡೀ ಅದನ್ನೇ ಮಾಡಿದವನಾದ್ದರಿಂದ ನಮ್ಮಿಬ್ಬರಿಗೂ ಸ್ನೇಹ ಬೆಳೆಯಿತು.

ಈ ನಡುವೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ಫೋನ್ ಮಾಡಿ ಧೈರ್ಯ ತುಂಬಿದ. "ಪಪ್ಪಾ, ಅಮೆರಿಕಾದಾಗ ಹಳ್ಳಿ ಕಡೆ ಮನಿ ಇದ್ದೋರೆಲ್ಲಾ ಕಾಂಪ್ಯಾಕ್ಟ್ ಇಟ್ಟಿರ್ತಾರ. ಹುಲ್ಲು ಕತ್ತರಸ್ತಾರ, ಹಿಮಾ ಬಳೀತಾರ." ಬಾಗಲಕೋಟೆಯಲ್ಲಿ ಬಳಿಯಲು ಹಿಮವಿಲ್ಲ, ಏಪ್ರಿಲ್‌ನಲ್ಲಿ ಡಾಂಬರು ಕರಗುತ್ತದೆ, ಅದನ್ನು ಬೇಕಾದರೆ ಬಳಿಯಬಹುದು. ಹುಲ್ಲು ಮಾತ್ರ ಇದೆ. ಅದರ ಹೆಸರು ಕರಕಿ.

ಎರಿಭೂಮಿ ಮಾಡಿದವರಿಗೆ ಕರಕಿಯ ಪರಿಚಯ ಹೇಳಬೇಕಾಗಿಲ್ಲ. ಮೇಲೆ ಗಣಪತಿಗೆ ಪ್ರಿಯವಾದ ಎಳೆ. ಕೆಳಗೆ ಮೊಳಗಟ್ಟಲೆ ಇಳಿದ ಬೇರಿನ ಬಲೆ. ಕತ್ತರಿಸಿದರೆ ಸಾಯುವುದಿಲ್ಲ, ತುಂಡು ಮಾಡಿದರೆ ಪ್ರತಿ ತುಂಡೂ ಚಿಗುರುತ್ತದೆ. ಹಿಂದೆ ಇಂಥ ಹೊಲಕ್ಕೆ ನಾಲ್ಕೈದು ಜೋಡಿ ಎತ್ತು ಹೂಡಿ ದೊಡ್ಡ ಕಬ್ಬಿಣದ ನೇಗಿಲಿನಿಂದ ಮಣ್ಣು ಮಗುಚುತ್ತಿದ್ದರು. ಜೋಳ ಕಿತ್ತಾದ ಮೇಲೆ, ಬೇಸಿಗೆಯಲ್ಲಿ ಎರಿ ಬಿರಿದು ಅಂಗೈ ಹೋಗುವಷ್ಟು ಸೀಳು ಬಿಟ್ಟಾಗ, ನನ್ನ ಕಾಂಪ್ಯಾಕ್ಟಿಗೆ ಮೊದಲ ಕೆಲಸ ಬಂತು. ಕೂಲಿ ಕೊಟ್ಟು ಕರೆತಂದ ಹುಡುಗ ಐದು ಹಲ್ಲಿನ ನೇಗಿಲು ಇಳಿಸಿದ. ಹಲ್ಲು ನಾಲ್ಕು ಬೆರಳು ಇಳಿದು ನಿಂತವು. ಆಕ್ಸಿಲರೇಟರ್ ಒತ್ತಿದ. ಹಿಂದಿನ ಗಾಲಿ ಜಾಗದಲ್ಲೇ ತಿರುಗಿ ಧೂಳೆಬ್ಬಿಸಿತು, ಮೂತಿ ತುಸು ಮೇಲೆದ್ದಿತು. ಹುಡುಗ ಇಳಿದು, ಗಾಲಿ ನೋಡಿ, ನನ್ನನ್ನು ನೋಡಿ ಹೇಳಿದ: "ಸರ, ಇದಕ್ಕ ಗಾಡಿ ತೂಕ ಸಾಲಂಗಿಲ್ರಿ. ಹಸಿ ಇದ್ದಾಗ ಗಾಲಿ ಹುಗೀತಾವ, ಒಣಗಿದಾಗ ಹಲ್ಲು ಇಳಿಯಂಗಿಲ್ಲ. ದೊಡ್ಡದನ್ನ ಕರಸ್ರಿ."

ರೂಟರ್ ಹೊಡೆಸಿ ನೋಡಿದೆ. ಮೇಲಿನ ಐದು ಇಂಚು ಮಣ್ಣು ರವೆಯ ಹಾಗೆ ಆಯಿತು, ಕಣ್ಣಿಗೆ ಹಬ್ಬ. ಹದಿನೈದು ದಿನದಲ್ಲಿ ಒಂದು ಕಡ್ಡಿ ಕರಕಿ ಇದ್ದಲ್ಲಿ ಹತ್ತು ಕಡ್ಡಿ. ರೂಟರ್ ಬೇರನ್ನು ತುಂಡರಿಸಿ ಹೊಲದ ತುಂಬ ಬಿತ್ತಿತ್ತು! ನನ್ನ ಟ್ರ್ಯಾಕ್ಟರಿನ ಮೊದಲ ಬೆಳೆ ಅದು. ಕೊನೆಗೆ ಪಕ್ಕದ ಹೊಲದವರ ಐವತ್ತು ಎಚ್‌ಪಿ ಗಾಡಿಯನ್ನು ಪಲ್ಟಿ ನೇಗಿಲಿನ ಸಮೇತ ತಾಸಿಗೆ ಸಾವಿರದ ಇನ್ನೂರರಂತೆ ಕರೆಸಿದೆ. ಅದು ಅಡಿ ಆಳಕ್ಕೆ ಮಣ್ಣು ಮಗುಚುತ್ತ ಹೋಗುವಾಗ ನಮ್ಮ ಕಾಂಪ್ಯಾಕ್ಟ್ ಮತ್ತೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಟ್ರ್ಯಾಕ್ಟರ್ ಇದ್ದವನು ಟ್ರ್ಯಾಕ್ಟರ್ ಬಾಡಿಗೆಗೆ ಕರೆಸಿದ ಸುದ್ದಿ ನಾನು ಬೈಕಿನಲ್ಲಿ ಊರೊಳಗೆ ಬರುವ ಮುಂಚೆಯೇ ಚಹಾದಂಗಡಿ ತಲುಪಿತ್ತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಹೊಲಕ್ಕೆ ಗಳೆ, ರೂಟರ್, ಹರಗುವುದು, ಬಿತ್ತಗಿ ಎಲ್ಲ ಸೇರಿ ವರ್ಷಕ್ಕೆ ಹನ್ನೆರಡು ತಾಸಿನ ಕೆಲಸ. ಎಲ್ಲವನ್ನೂ ಬಾಡಿಗೆಗೆ ಮಾಡಿಸಿದರೂ ಹೆಚ್ಚೆಂದರೆ ಹದಿನೈದು ಸಾವಿರ. ಆರು ಲಕ್ಷಕ್ಕೆ ನಲವತ್ತು ವರ್ಷದ ಬಾಡಿಗೆ ಆಗುತ್ತಿತ್ತು. ನನಗೀಗ ಅರವತ್ತೊಂದು. ನೂರಾ ಒಂದನೇ ವಯಸ್ಸಿನವರೆಗೆ ಒಂದು ಬೋಲ್ಟೂ ಬಿಗಿಸದೆ ಬೇಸಾಯ ಮಾಡಿಸಬಹುದಿತ್ತು. ಟ್ರ್ಯಾಕ್ಟರ್ ಹಾಕಿದ ಹಣಕ್ಕೆ ಸಮನಾಗಿ ದುಡಿಯಬೇಕಾದರೆ ವರ್ಷಕ್ಕೆ ಸಾವಿರ ತಾಸು ಓಡಬೇಕೆಂದು ಕೃಷಿ ಎಂಜಿನಿಯರಿಂಗ್ ಓದಿದವರು ಹೇಳುತ್ತಾರೆ. ಹನ್ನೆರಡು ತಾಸಿಗೆ ಎರಡೂವರೆ ಎಕರೆ ಎಂದರೆ ಸಾವಿರ ತಾಸಿಗೆ ಇನ್ನೂರ ಎಂಟು ಎಕರೆ. ಅಷ್ಟು ಹೊಲ ಇದ್ದಿದ್ದರೆ ನಾನು ಸಣ್ಣ ರೈತ ಹೇಗಾಗುತ್ತಿದ್ದೆ?

ಗಾಡಿಯನ್ನು ಬೈಯುತ್ತಿಲ್ಲ. ದಾಳಿಂಬೆ, ದ್ರಾಕ್ಷಿ ತೋಟದವರನ್ನು ಕೇಳಿ. ಸಾಲಿನ ನಡುವೆ ಟೊಂಗೆ ಮುರಿಯದೆ ಹಾಯುವ, ಔಷಧದ ಪಂಪು ಹೊತ್ತು ವಾರಕ್ಕೆರಡು ಸಲ ತಿರುಗುವ ಈ ಸಣ್ಣ ಗಾಡಿ ಅವರಿಗೆ ಅನ್ನ ಕೊಡುತ್ತದೆ. ಹತ್ತು ಮಂದಿ ಸೇರಿ ಒಂದು ತಂದರೂ ಅದಕ್ಕೆ ಕೆಲಸವುಂಟು. ಹೀಗೆ ಹಂಚಿಕೊಂಡು ಬಳಸಲೆಂದೇ ಸರ್ಕಾರ 2014-15ರಿಂದ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳನ್ನು ಹೋಬಳಿ ಮಟ್ಟದಲ್ಲಿ ತೆರೆಯುತ್ತ ಬಂದಿತು. ಒಂದು ಕೈಯಿಂದ ಹಂಚಿಕೊಂಡು ಬಳಸಿರಿ ಎಂದು ಬಾಡಿಗೆ ಕೇಂದ್ರ. ಇನ್ನೊಂದು ಕೈಯಿಂದ ಎಲ್ಲರೂ ಒಂದೊಂದು ಕೊಳ್ಳಿರಿ ಎಂದು ಸಬ್ಸಿಡಿ. ಎಡಗೈ ಬಲಗೈ ಎರಡಕ್ಕೂ ಚಪ್ಪಾಳೆ ಬೇಕು. ನಾವು ತಟ್ಟುತ್ತೇವೆ. ಬಾವಿ ತೋಡಲು ಜೆಸಿಬಿ ಬಾಡಿಗೆಗೆ ತಂದವನ ಮರ್ಯಾದೆ ಹೋಗುವುದಿಲ್ಲ. ಮದುವೆಗೆ ಶಾಮಿಯಾನ ಬಾಡಿಗೆಗೆ ತಂದರೂ ಹೋಗುವುದಿಲ್ಲ. ಟ್ರ್ಯಾಕ್ಟರ್ ಬಾಡಿಗೆಗೆ ತಂದರೆ ಮಾತ್ರ ಹೆಣ್ಣು ಕೊಡುವವರು ಯೋಚನೆ ಮಾಡುತ್ತಾರೆ.

ಎತ್ತಿಗೂ ಇದೇ ಗತಿ ಬರುತ್ತಿದೆ. ದುಡಿಯುವ ಜೋಡಿ ಕಡಿಮೆಯಾಗುತ್ತ, ತೆರೆಬಂಡಿ ಸ್ಪರ್ಧೆಗೆ ಸಾಕುವ ಜೋಡಿ ದುಬಾರಿಯಾಗುತ್ತ ನಡೆದಿವೆ. ಈಗ ಟ್ರ್ಯಾಕ್ಟರಿಗೂ ಜಾತ್ರೆಯಲ್ಲಿ ಹಿಂದಕ್ಕೆ ಓಡಿಸುವ ಸ್ಪರ್ಧೆ ಇದೆ. ಈ ಸಲ ಕಾರಹುಣ್ಣಿಮೆಗೆ ಅಳಿಯ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದ. ಮಿಕ್ಕ ಬಣ್ಣವನ್ನು ಏನು ಮಾಡುವುದೆಂದು ನೋಡಿ, ಮೊಮ್ಮಗ ಅದನ್ನು ಕಾಂಪ್ಯಾಕ್ಟಿನ ಸೈಲೆನ್ಸರಿಗೆ ಬಳಿದ. ಚಂದ ಕಾಣುತ್ತಿತ್ತು.

ಅಳಿಯನಿಗೆ ಒಂದು ದಿನ ಹೇಳಿದೆ: "ತಮ್ಮಾ, ಗಾಡಿ ನೀನ ಒಯ್ಯಿ, ನಿನಗ ಬೇಕಾದಾಗ ಹೊಡಕೋ."

ಅವನು ನಕ್ಕ. "ಬ್ಯಾಡ್ರಿ ಮಾವಾರ. ಡೀಸೆಲ್ ನಾ ಹಾಕಬೇಕು, ಕೆಟ್ರ ನಾ ರಿಪೇರಿ ಮಾಡಸಬೇಕು, ಹೆಸರು ನಿಮ್ಮದು. ಹೊಲದ್ದೂ ಹಂಗ ಐತಿ. ಒಂದ ಸಾಕ್ರಿ."

ಟ್ರ್ಯಾಕ್ಟರಿನಲ್ಲಿ ಕಿಲೋಮೀಟರಿಗಿಂತ ಮುಖ್ಯವಾದ ಒಂದು ಮೀಟರ್ ಇರುತ್ತದೆ. ಎಂಜಿನ್ ಎಷ್ಟು ತಾಸು ಓಡಿತೆಂದು ತೋರಿಸುವ ಮೀಟರ್. ಮೊನ್ನೆ ಷೋರೂಮಿನ ಹುಡುಗ ಫೋನ್ ಮಾಡಿದ್ದ. "ಸರ, ಫಸ್ಟ್ ಸರ್ವೀಸಿಗೆ ಬಂದಿಲ್ರಿ. ಐವತ್ತು ತಾಸಿಗೆ ಮಾಡಸಬೇಕಿತ್ತು." ಹೋಗಿ ಮೀಟರ್ ಮೇಲಿನ ಧೂಳು ಒರೆಸಿ ನೋಡಿದೆ. ನಲವತ್ತಾರು. ಹೊಲದಲ್ಲಿ ಹದಿನಾಲ್ಕು ತಾಸು. ಡೀಸೆಲ್ ಹಾಕಿಸಲು ಬಂಕಿಗೆ ಹೋಗಿ ಬಂದದ್ದು ಹನ್ನೊಂದು. ಬಂಧುಗಳ ಮದುವೆ ಮೆರವಣಿಗೆಯಲ್ಲಿ ಸೌಂಡ್ ಬಾಕ್ಸ್ ಹೊತ್ತದ್ದು ಒಂಬತ್ತು. ಜಾತ್ರೆಗೆ ಆರು. ಮೊಮ್ಮಗನನ್ನು ಕೂರಿಸಿಕೊಂಡು ನವನಗರದ ಸೆಕ್ಟರ್ ಸುತ್ತಿದ್ದು ಆರು.

ಮುಂದಿನ ಕಂತು ಬರುವ ತಿಂಗಳು ಹತ್ತಕ್ಕೆ.